ಖಾಸಗಿ ದವಾಖಾನೆ ಕಾಯ್ದೆ: ಹೊಸದು ಬೇಡ, ಇರುವುದನ್ನೇ ನಮ್ಮ ತಾಲೂಕಿನ ತನಕ ತರೋಣ

ಅಥಣಿ ರೈತ

ಎಲ್ಲರಿಗೂ ನಮಸ್ಕಾರ. ಸರ್ಕಾರಕ್ಕೆ ಒಂದು ಮನವಿ ಬರೆಯುತ್ತಿದ್ದೇನೆ. ಕಳಿಸುವ ಮೊದಲು ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ಓದಿ ತಪ್ಪು ತಿದ್ದಬೇಕು. ಯಾಕೆ ಬರೆಯುತ್ತಿದ್ದೇನೆ ಅಂತ ಮೊದಲು ಹೇಳುತ್ತೇನೆ.

ಹೋದ ವರ್ಷ ಸೀಗಿ ಹುಣ್ಣಿಮೆ ಆದ ವಾರ ನಮ್ಮ ಸೋದರಮಾವ ರಾತ್ರಿ ಕಬ್ಬಿಗೆ ನೀರು ಬಿಡಲು ಹೋಗಿದ್ದರು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಬರುತ್ತದೆ. ಆ ವಾರ ರಾತ್ರಿ ಪಾಳಿ. ಬದುವಿನ ಮೇಲೆ ಕೊಳಕುಮಂಡಲ ಕಚ್ಚಿತು. ಜೀಪಿನಲ್ಲಿ ಹಾಕಿಕೊಂಡು ಒಂದು ಖಾಸಗಿ ದವಾಖಾನೆಗೆ ಹೋದೆವು. ಕೌಂಟರಿನಲ್ಲಿದ್ದ ಹುಡುಗ ಮೊದಲು 30 ಸಾವಿರ ಡಿಪಾಸಿಟ್ ಕಟ್ಟಿ ಅಂದ. ಜೇಬಿನಲ್ಲಿ 6 ಸಾವಿರ ಇತ್ತು. ಫೋನ್ ಮಾಡಿ, ಮಲಗಿದವರನ್ನು ಎಬ್ಬಿಸಿ, ಫೋನ್‌ಪೇಯಲ್ಲಿ ಅಷ್ಟಿಷ್ಟು ತರಿಸಿಕೊಂಡು ಕಟ್ಟುವಷ್ಟರಲ್ಲಿ ನಲವತ್ತು ನಿಮಿಷ ಹೋಯಿತು. ಮಾವ ಅಷ್ಟೂ ಹೊತ್ತು ಬೆಂಚಿನ ಮೇಲೆ ಕೂತಿದ್ದರು. ಒಸಡಿನಿಂದ ರಕ್ತ ಬರಲು ಶುರುವಾಗಿತ್ತು. ಬದುಕಿದರು. ಆದರೆ ಮೂರು ವಾರ ಡಯಾಲಿಸಿಸ್ ಆಯಿತು. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಆದರೆ ಬಿಪಿಎಲ್‌ನವರ ಚಿಕಿತ್ಸೆಗೆ ಸರ್ಕಾರ ಹಣ ಕೊಡುವ ಆರೋಗ್ಯ ಕರ್ನಾಟಕ ಯೋಜನೆಯ ಪಟ್ಟಿಯಲ್ಲಿ ಆ ದವಾಖಾನೆ ಇರಲಿಲ್ಲ.

ಆ ಮೇಲೆ ಗೊತ್ತಾಯಿತು, ತುರ್ತು ಸ್ಥಿತಿಯಲ್ಲಿ ಮುಂಗಡ ಹಣ ಕೇಳದೆ ಜೀವ ಉಳಿಸುವ ಚಿಕಿತ್ಸೆ ಕೊಡಬೇಕು ಅಂತ ನಮ್ಮ ರಾಜ್ಯದ ಕಾನೂನಿನಲ್ಲೇ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ಎಲ್ಲರೂ ಕೆಪಿಎಂಇ ಅನ್ನುತ್ತಾರೆ. 2017ರಲ್ಲಿ ಅದನ್ನು ತಿದ್ದಿದರು. ಆ ತಿದ್ದುಪಡಿ ಚರ್ಚೆಯಾಗಿದ್ದು ನಮ್ಮ ಬೆಳಗಾವಿ ಸುವರ್ಣ ಸೌಧದಲ್ಲೇ. ಅದರಲ್ಲಿ ರೋಗಿಗಳ ಹಕ್ಕುಗಳ ಸನ್ನದು ಇದೆ. ಬಿಲ್ ಬಾಕಿ ಇದ್ದರೂ ಶವ ಕೊಡಬೇಕು ಅಂತ ಇದೆ. ಚಿಕಿತ್ಸೆಯ ದರ ಎಲ್ಲರಿಗೂ ಕಾಣುವಂತೆ ಹಾಕಬೇಕು ಅಂತ ಇದೆ. ದೂರು ಕೇಳಲು ಜಿಲ್ಲೆಗೊಂದು ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯ ಅಧಿಕಾರಿ ಸದಸ್ಯ ಕಾರ್ಯದರ್ಶಿ.

ನಾನು ದೂರು ಕೊಡಲು ಹೋದೆ. ಅಥಣಿಯಿಂದ ಬೆಳಗಾವಿ ಸುಮಾರು 140 ಕಿಲೋಮೀಟರ್. ಒಂದು ದಿನದ ಕೆಲಸ ಹೋಯಿತು. ಒಂದು ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು. ನಂಬರ್ ಕೊಡಲಿಲ್ಲ, ಸೀಲು ಹಾಕಲಿಲ್ಲ. ಎರಡು ತಿಂಗಳು ಬಿಟ್ಟು ಮತ್ತೆ ಹೋದೆ. ಆ ಮೇಜಿನ ಮೇಲೆ ಬೇರೆಯವರು ಕೂತಿದ್ದರು. ಅರ್ಜಿ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ ನನಗೆ ಹೊಸ ಕಾಯ್ದೆ ಬೇಕು ಅನ್ನಿಸಿಲ್ಲ. ಇರುವುದೇ ಚೆನ್ನಾಗಿದೆ. ಅದಕ್ಕೆ ಒಂದು ರಸೀತಿ ಬೇಕು, ಒಂದು ಗಡುವು ಬೇಕು, ಹತ್ತಿರದಲ್ಲಿ ಒಂದು ಬಾಗಿಲು ಬೇಕು. ಮನವಿಯಲ್ಲಿ ಸದ್ಯ ಇಷ್ಟು ಬರೆದಿದ್ದೇನೆ: ದೂರನ್ನು ತಾಲೂಕು ಆರೋಗ್ಯ ಅಧಿಕಾರಿ ಕಚೇರಿಯಲ್ಲೇ ತೆಗೆದುಕೊಳ್ಳಬೇಕು, ಅಲ್ಲೇ ನಂಬರ್ ಕೊಡಬೇಕು, 30 ದಿನದಲ್ಲಿ ಉತ್ತರ ಕೊಡಬೇಕು. ದರದ ಬೋರ್ಡ್ ಕನ್ನಡದಲ್ಲಿ, ಕೌಂಟರಿನ ಎದುರೇ, ದೊಡ್ಡ ಅಕ್ಷರದಲ್ಲಿ ಇರಬೇಕು. ಮುಂದೇನು ಸೇರಿಸಬೇಕು ಹೇಳಿ.

ನವನಗರದ ಸಿಸ್ಟರ್

ಅಣ್ಣಾ, ಓದಿ ಬಹಳ ಸಂಕಟ ಆಯಿತು. ಮಾವ ಈಗ ಹೇಗಿದ್ದಾರೆ?

ನಾನು ಬಾಗಲಕೋಟೆಯಲ್ಲಿ ಖಾಸಗಿ ದವಾಖಾನೆಗಳಲ್ಲಿ 14 ವರ್ಷ ಕೆಲಸ ಮಾಡಿದ್ದೇನೆ. ಒಂದು ಮಾತು ಹೇಳುತ್ತೇನೆ. ರಾತ್ರಿ ಕೌಂಟರಿನಲ್ಲಿ ಕೂರುವ ಹುಡುಗನಿಗೆ ಈ ಕಾಯ್ದೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅವನಿಗೆ ಹೇಳಿದ್ದು ಇಷ್ಟೇ: ಡಿಪಾಸಿಟ್ ಇಲ್ಲದೆ ಫೈಲ್ ತೆರೆಯಬೇಡ, ತೆರೆದರೆ ನಿನ್ನ ಸಂಬಳದಲ್ಲಿ ಹಿಡಿಯುತ್ತೇವೆ. ಕಂಪ್ಯೂಟರ್ ಕೂಡ ಹಾಗೇ ಇರುತ್ತದೆ. ಮುಂಗಡದ ಜಾಗ ತುಂಬದಿದ್ದರೆ ಐಪಿ ನಂಬರೇ, ಅಂದರೆ ಪೇಶಂಟನ್ನು ದಾಖಲು ಮಾಡಿಕೊಳ್ಳುವ ನಂಬರೇ, ಬರುವುದಿಲ್ಲ. ನಂಬರ್ ಇಲ್ಲದೆ ಔಷಧಿ ಅಂಗಡಿಯಿಂದ ಇಂಜೆಕ್ಷನ್ ಬರುವುದಿಲ್ಲ. ನಾವು ಸಿಸ್ಟರ್‌ಗಳು ಎಷ್ಟೋ ಸಲ ಬೇರೆ ಪೇಶಂಟಿನ ಸಲೈನ್ ಸಾಲ ತೆಗೆದು ಹಾಕಿದ್ದೇವೆ.

ಅದಕ್ಕೆ ನನ್ನದೊಂದು ಸಲಹೆ. ಕೌಂಟರಿನ ಹೊರಗಡೆ ಬೋರ್ಡ್ ಇದ್ದರೆ ಸಾಲದು. ಒಳಗಡೆ, ಸಿಬ್ಬಂದಿ ಮುಖಕ್ಕೆ ಕಾಣುವಂತೆ ಇನ್ನೊಂದು ಹಾಳೆ ಅಂಟಿಸಬೇಕು: "ತುರ್ತು ಕೇಸಿಗೆ ಡಿಪಾಸಿಟ್ ಕೇಳುವಂತಿಲ್ಲ." ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ತುರ್ತು ಅಂತ ಒತ್ತಿದರೆ ಮುಂಗಡವಿಲ್ಲದೆ ನಂಬರ್ ಬರಬೇಕು. ತಪಾಸಣೆಗೆ ಬರುವವರು ಮಂಚ ಎಣಿಸುತ್ತಾರೆ, ಶೌಚಾಲಯ ನೋಡುತ್ತಾರೆ. ಈ ಎರಡನ್ನೂ ನೋಡಲಿ. ಐದು ನಿಮಿಷದ ಕೆಲಸ.

ಮುಧೋಳದವ

ಬೋರ್ಡು, ಹಾಳೆ, ಸಾಫ್ಟ್‌ವೇರ್! ನಮ್ಮ ಅಣ್ಣ ತೀರಿಕೊಂಡಾಗ 80 ಸಾವಿರ ಬಾಕಿ ಅಂತ ಶವ ಆರು ತಾಸು ಕೊಡಲಿಲ್ಲ. ನಮ್ಮ ಅವ್ವ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಊರಲ್ಲಿ ಮಣ್ಣಿಗೆ ಜನ ಸೇರಿದ್ದರು. ಕೊನೆಗೆ ಎತ್ತು ಮಾರುವ ಮಾತಾಡಿ ಸಾಲ ತಂದೆವು. ಅಂಥವರನ್ನು ಜೈಲಿಗೆ ಹಾಕದಿದ್ದರೆ ಈ ಕಾಯ್ದೆ ಎಷ್ಟು ತಿದ್ದಿದರೂ ಅಷ್ಟೇ. 2017ರಲ್ಲಿ ಜೈಲು ಶಿಕ್ಷೆಯ ಮಾತು ಇತ್ತು. ಡಾಕ್ಟರ್‌ಗಳು ಮುಷ್ಕರ ಮಾಡಿ ಅದನ್ನು ಸಡಿಲ ಮಾಡಿಸಿದರು. ಅದನ್ನೇ ಮೊದಲು ವಾಪಸ್ ತನ್ನಿ.

ಅಥಣಿ ರೈತ

ತಮ್ಮಾ, ನಿನ್ನ ಸಿಟ್ಟು ನ್ಯಾಯದ್ದು. ಅವ್ವನನ್ನು ಮೆಟ್ಟಿಲ ಮೇಲೆ ಕೂರಿಸಿದ ಆ ಆರು ತಾಸು ಯಾರೂ ಮರೆಯಲಾಗದು. ನಿನ್ನ ಮಾತು ಮನವಿಯಲ್ಲಿ ಬರಬೇಕು. ಹೇಗೆ ಅಂತ ಇಲ್ಲಿ ಎಲ್ಲರೂ ಸೇರಿ ಯೋಚಿಸೋಣ.

ಸಿಸ್ಟರ್, ಮಾವ ಈಗ ಪರವಾಗಿಲ್ಲ. ರಾತ್ರಿ ಹೊಲಕ್ಕೆ ಹೋಗಲು ನಾವು ಬಿಡುವುದಿಲ್ಲ.

ಸಿಂದಗಿ ಡಾಕ್ಟರ್

ನಾನು ಒಬ್ಬನೇ ನಡೆಸುವ ಸಣ್ಣ ದವಾಖಾನೆಯ ವೈದ್ಯ. ಆರು ಮಂಚ. 2017ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಸೇರಿದ ಸಾವಿರಾರು ಡಾಕ್ಟರ್‌ಗಳಲ್ಲಿ ನಾನೂ ಇದ್ದೆ. ಮುಧೋಳದ ತಮ್ಮನಿಗೆ ಮೊದಲು ಹೇಳುತ್ತೇನೆ, ಶವ ಹಿಡಿದಿಟ್ಟುಕೊಳ್ಳುವುದಕ್ಕೆ ನನ್ನ ಹತ್ತಿರ ಯಾವ ಸಮರ್ಥನೆಯೂ ಇಲ್ಲ. ಅದು ತಪ್ಪು.

ಆದರೆ ಅವತ್ತು ನಾವು ಯಾಕೆ ಹೆದರಿದೆವು ಅಂತಲೂ ಕೇಳಿ. ಮೊದಲ ಕರಡಿನಲ್ಲಿ ಜೈಲು ಶಿಕ್ಷೆ ಇತ್ತು. ಹಾವು ಕಚ್ಚಿದ ಪೇಶಂಟ್ ನನ್ನ ಮಂಚದ ಮೇಲೆ ತೀರಿಕೊಂಡರೆ ಏನು ಗತಿ ಅಂತ ಪ್ರತಿ ಸಣ್ಣ ಡಾಕ್ಟರ್ ಯೋಚಿಸಿದ. ಹೆದರಿದ ಡಾಕ್ಟರ್ ಏನು ಮಾಡುತ್ತಾನೆ ಹೇಳಿ? ಮುಟ್ಟದೆ ವಿಜಯಪುರಕ್ಕೆ ಕಳಿಸುತ್ತಾನೆ. ದಾರಿಯಲ್ಲಿ ಆ ಪೇಶಂಟಿಗೆ ಇನ್ನೊಂದು ತಾಸು ಹೋಗುತ್ತದೆ. ಶಿಕ್ಷೆ ಜಾಸ್ತಿ ಮಾಡಿದರೆ ದೊಡ್ಡ ಆಸ್ಪತ್ರೆಗಳು ವಕೀಲರನ್ನು ಇಟ್ಟುಕೊಳ್ಳುತ್ತವೆ, ನಮ್ಮಂಥವರು ಬಾಗಿಲು ಹಾಕುತ್ತೇವೆ.

ಈಗ ಹಣದ ಮಾತು. ವಿಷ ಏರಿದ ಹಾವಿನ ಕೇಸಿಗೆ ಶುರುವಿಗೇ ಸಾಮಾನ್ಯವಾಗಿ 10 ಬಾಟಲಿ ವಿಷನಿರೋಧಕ ಔಷಧ ಬೇಕು. ಒಂದೊಂದರಲ್ಲಿ 10 ಮಿಲಿಲೀಟರ್. ಆಮೇಲೆ ಮತ್ತೆ ಬೇಕಾಗಬಹುದು. ಆ 10 ಬಾಟಲಿ ನನ್ನ ಫ್ರಿಜ್‌ನಲ್ಲಿ ಇಡಲು ನಾನೇ ದುಡ್ಡು ಹಾಕಬೇಕು. ತುರ್ತು ಚಿಕಿತ್ಸೆಗೆ ಸರ್ಕಾರ ಹಣ ಕೊಟ್ಟ ಉದಾಹರಣೆ ನಮ್ಮಲ್ಲಿದೆ. 2016ರಲ್ಲಿ ಹರೀಶ್ ಸಾಂತ್ವನ ಯೋಜನೆ ಅಂತ ತಂದರು. ರಸ್ತೆ ಅಪಘಾತದವರಿಗೆ ಮೊದಲ 48 ತಾಸಿಗೆ 25 ಸಾವಿರದ ತನಕ. ಒಳ್ಳೆಯ ಯೋಚನೆ. ಆದರೆ ಕ್ಲೇಮ್ ಬರೆಯುವುದು, ಫೋಟೊ ಹಾಕುವುದು, ಪ್ರಶ್ನೆ ಬಂದರೆ ಉತ್ತರಿಸುವುದು, ಆರು ಮಂಚದ ದವಾಖಾನೆಗೆ ಆಗುವ ಮಾತಲ್ಲ. ಅದಕ್ಕೆಂದೇ ಒಬ್ಬರನ್ನು ಇಡಬೇಕಾಗುತ್ತದೆ.

ಹಾಗಾಗಿ ನಾನು ಕೇಳುವುದು ರೊಕ್ಕವಲ್ಲ, ಬಾಟಲಿಗೆ ಬಾಟಲಿ. ತುರ್ತು ಕೇಸಿಗೆ ನಾನು 10 ಬಾಟಲಿ ಬಳಸಿದೆ. ಖಾಲಿ ಬಾಟಲಿ, ಕೇಸ್ ಪೇಪರ್ ನಕಲು ತಾಲೂಕು ಆಸ್ಪತ್ರೆಗೆ ಕೊಟ್ಟೆ. ಅವರು 10 ತುಂಬಿದ ಬಾಟಲಿ ಕೊಟ್ಟರು. ಲೆಕ್ಕ ಅಲ್ಲಿಗೆ ಮುಗಿಯಿತು. 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ನಾವು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅಂದರೆ ಹೆಸರು, ದಿನಾಂಕ ಹೇಗೂ ಅವರ ಹತ್ತಿರ ಇರುತ್ತದೆ. ಸುಳ್ಳು ಲೆಕ್ಕ ತೋರಿಸುವುದು ಕಷ್ಟ.

ಇನ್ನೊಂದು ವಿಷಯ ಜನರಿಗೆ ಗೊತ್ತಿರಲಿ. ಕೊಳಕುಮಂಡಲದ ವಿಷ ಏರಿದೆಯೋ ಇಲ್ಲವೋ ನೋಡಲು ದೊಡ್ಡ ಲ್ಯಾಬ್ ಬೇಡ. ಸ್ವಚ್ಛವಾದ ಒಣ ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಓರೆ ಮಾಡಿದಾಗ ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಅಂತ ಅರ್ಥ, ಔಷಧ ಶುರು ಮಾಡಬೇಕು. ನಾಗರಹಾವಿನ ವಿಷ ಬೇರೆ, ಅದು ನರಕ್ಕೆ ಹೊಡೆಯುತ್ತದೆ, ರೆಪ್ಪೆ ಜೋಲುತ್ತದೆ, ಉಸಿರು ಕಟ್ಟುತ್ತದೆ. ಈ ನಳಿಗೆ ಪರೀಕ್ಷೆ ಯಾವ ಸಣ್ಣ ದವಾಖಾನೆಯಲ್ಲೂ ಆಗುತ್ತದೆ. "ತುರ್ತು ಚಿಕಿತ್ಸೆ" ಅಂದರೆ ಏನೇನು ಮಾಡಲೇಬೇಕು ಅಂತ ನಿಯಮದಲ್ಲಿ ಹೀಗೆ ಬಿಡಿಸಿ ಬರೆದರೆ ನಮಗೂ ಒಳ್ಳೆಯದು. ಇಷ್ಟು ಮಾಡಿ ಮುಂದೆ ಕಳಿಸಿದರೆ ನನ್ನ ತಪ್ಪಿಲ್ಲ ಅಂತ ಧೈರ್ಯ ಇರುತ್ತದೆ.

ನವನಗರದ ಸಿಸ್ಟರ್

ಡಾಕ್ಟರ್ ಸಾಹೇಬ್ರೇ, ಬಾಟಲಿಗೆ ಬಾಟಲಿ ಅನ್ನುವುದು ಬಹಳ ಸರಿ ಅನ್ನಿಸಿತು. ಒಂದು ಸೇರಿಸಿ. ರಾತ್ರಿ ಬಾಟಲಿ ಮುಗಿದರೆ ತಾಲೂಕು ಆಸ್ಪತ್ರೆಯಿಂದ ರಾತ್ರಿಯೇ ಸಿಗಬೇಕು. ಸ್ಟೋರಿನ ಕೀಲಿ ಫಾರ್ಮಸಿಸ್ಟ್ ಮನೆಯಲ್ಲಿ ಇದ್ದರೆ ಏನು ಉಪಯೋಗ? ಡ್ಯೂಟಿ ಸಿಸ್ಟರ್ ಹತ್ತಿರ ಒಂದಿಷ್ಟು ಇರಲಿ.

ಕಾಗವಾಡ

ನಮ್ಮ ಕಡೆಯವರು ಏನಾದರೂ ಆದರೆ ಮಿರಜಕ್ಕೇ ಓಡುವುದು. ಅಜ್ಜನ ಕಾಲದಿಂದ ಹಾಗೇ. ಅಲ್ಲಿ ಈ ಕಾಯ್ದೆ ನಡೆಯುತ್ತದಾ?

ವಿಜಯಪುರ ವಕೀಲೆ

ಕಾಗವಾಡದವರೇ, ನಡೆಯುವುದಿಲ್ಲ. ಗಡಿ ದಾಟಿದರೆ ಮಹಾರಾಷ್ಟ್ರದ ಕಾನೂನು, 1949ರ ನರ್ಸಿಂಗ್ ಹೋಂ ನೋಂದಣಿ ಕಾಯ್ದೆ. ಅದರ ನಿಯಮಗಳನ್ನು 2021ರಲ್ಲಿ ತಿದ್ದಿ ಅಲ್ಲೂ ರೋಗಿಗಳ ಹಕ್ಕಿನ ಸನ್ನದು, ದರ ಪಟ್ಟಿ ತಂದಿದ್ದಾರೆ. ಹಾಗಾಗಿ ಅಲ್ಲೂ ಧೈರ್ಯವಾಗಿ ದರ ಪಟ್ಟಿ ಕೇಳಿ.

ಈಗ ಮನವಿ ವಿಷಯ. ಅಥಣಿಯ ಅಣ್ಣನವರೇ, ನಿಮ್ಮ ಕರಡಿನಲ್ಲಿ "ಕಾಯ್ದೆಗೆ ತಿದ್ದುಪಡಿ ತನ್ನಿ" ಅಂತ ಇದ್ದರೆ ಅದನ್ನು ತೆಗೆದುಬಿಡಿ. ಕಾಯ್ದೆ ತಿದ್ದಲು ವಿಧಾನಮಂಡಲಕ್ಕೆ ಹೋಗಬೇಕು, ಮಸೂದೆ ಬೇಕು, ಮತ್ತೆ 2017ರ ಥರ ಎಲ್ಲರೂ ಬೀದಿಗೆ ಬರುತ್ತಾರೆ. ನೀವು ಕೇಳುತ್ತಿರುವ ಬಹುತೇಕ ಸಂಗತಿಗೆ ಅದು ಬೇಕಾಗಿಯೇ ಇಲ್ಲ. ಕಾಯ್ದೆಯ ಕೆಳಗೆ ನಿಯಮಗಳಿವೆ, 2009ರಲ್ಲಿ ಮಾಡಿದ್ದು. ನಿಯಮ ಬದಲಾಯಿಸಲು ಸರ್ಕಾರದ ಅಧಿಸೂಚನೆ ಸಾಕು. ದೂರಿನ ನಮೂನೆ, ಬೋರ್ಡ್ ಎಲ್ಲಿರಬೇಕು, ತಪಾಸಣೆಯಲ್ಲಿ ಏನು ನೋಡಬೇಕು, ಇವೆಲ್ಲ ಅಲ್ಲೇ ಮುಗಿಯುತ್ತವೆ. ಬಾಟಲಿಗೆ ಬಾಟಲಿ ಅನ್ನುವುದಕ್ಕೆ ಆರೋಗ್ಯ ಇಲಾಖೆಯ ಆದೇಶ ಸಾಕು.

ರಸೀತಿ, ಗಡುವಿಗೆ ನಮ್ಮ ರಾಜ್ಯದಲ್ಲಿ ಆಗಲೇ ಒಂದು ದಾರಿ ಇದೆ, ಸಕಾಲ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದ ತುಂಬ ನಡೆಯುತ್ತಿದೆ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ನಂಬರ್ ಸಿಗುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಪ್ಪಿತಸ್ಥ ಅಧಿಕಾರಿಯಿಂದ. ಹಣ ಸಣ್ಣದು. ಆದರೆ ನಂಬರ್ ಇದ್ದರೆ ಅರ್ಜಿ ಕಳೆದುಹೋಯಿತು ಅಂತ ಹೇಳಲು ಆಗುವುದಿಲ್ಲ. ಕೆಪಿಎಂಇ ದೂರು ಸ್ವೀಕರಿಸಿ ಮೊದಲ ವಿಚಾರಣೆಯ ದಿನಾಂಕ ಕೊಡುವುದನ್ನು ಸಕಾಲದ ಪಟ್ಟಿಗೆ ಸೇರಿಸಿ ಅಂತ ಕೇಳಿ. ತೀರ್ಪಿಗೇ 30 ದಿನ ಅಂತ ಕೇಳಬೇಡಿ. ಡಾಕ್ಟರ್ ಮಾತನ್ನೂ ಕೇಳಬೇಕು, ಕಾಗದ ನೋಡಬೇಕು. ಅವಸರದ ತೀರ್ಪು ಮೇಲಿನ ಹಂತದಲ್ಲಿ ಬಿದ್ದುಹೋಗುತ್ತದೆ.

ಮುಧೋಳದ ತಮ್ಮಾ, ನಿನ್ನ ಕೇಸಿನಲ್ಲಿ ದುಡ್ಡಿನ ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ಹಾಕಬೇಕು. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ನೀನು ಇರುವ ಜಿಲ್ಲೆಯಲ್ಲೇ ಹಾಕಬಹುದು. ಮೊದಲು ಅಣ್ಣನ ಚಿಕಿತ್ಸೆಯ ದಾಖಲೆ ಬರವಣಿಗೆಯಲ್ಲಿ ಕೇಳು. ಕೇಳಿದ 72 ತಾಸಿನೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ ನಿಯಮದಲ್ಲಿ 2002ರಿಂದಲೇ ಇದೆ.

ಮುಧೋಳದವ

ಅಕ್ಕಾರೇ, ದಾಖಲೆ ಕೇಳಬಹುದು ಅಂತಲೇ ನಮಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷ ಆಯಿತು. ಇನ್ನೂ ಟೈಮ್ ಇದೆ ಅಂದಂತಾಯಿತು. ನಾಳೆಯೇ ಬರೆಯುತ್ತೇನೆ.

ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಶವ ಕೊಡದಿದ್ದಾಗ ಗ್ರಾಹಕರ ಆಯೋಗ, ಸಕಾಲ, 30 ದಿನ ಯಾವುದೂ ಬೇಕಿಲ್ಲ. ಆ ತಾಸಿನಲ್ಲಿ ಯಾರು ಬರುತ್ತಾರೆ?

ವಿಜಯಪುರ ವಕೀಲೆ

ನೀನು ಕೇಳಿದ್ದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನಾನು ಅದನ್ನು ಬಿಟ್ಟು ಬರೆದೆ. ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅವರ ಕೈಕೆಳಗೆ ಪ್ರತಿ ತಾಲೂಕಿನಲ್ಲಿ ತಹಶೀಲ್ದಾರ್ ಇದ್ದಾರೆ. ಶವ ಮತ್ತು ತುರ್ತು ಚಿಕಿತ್ಸೆ, ಈ ಎರಡು ವಿಷಯಕ್ಕೆ ಮಾತ್ರ ಫೋನ್ ಮೇಲೆ ಮಧ್ಯ ಪ್ರವೇಶಿಸಲು ತಾಲೂಕಿನ ಒಬ್ಬ ಅಧಿಕಾರಿಗೆ ಜವಾಬ್ದಾರಿ ಕೊಡಲಿ. ರಾತ್ರಿಯೂ ಎತ್ತುವ ಒಂದು ನಂಬರ್. ಆ ನಂಬರ್ ದರದ ಬೋರ್ಡಿನ ಮೇಲೇ ಇರಲಿ. ಅಲ್ಲಿಯ ತನಕ 112ಕ್ಕೆ ಕರೆ ಮಾಡಿ, ಶವ ಬೇಕು ಅಂತ ಬರವಣಿಗೆಯಲ್ಲಿ ಕೊಟ್ಟು ಸಮಯ ಬರೆಸಿಕೊಳ್ಳಿ.

ಇಂಡಿ ಸೇವಾ ಕೇಂದ್ರ

ನಾನು ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ಸಕಾಲ ನಂಬರ್ ದಿನಾ ಕೊಡುತ್ತೇವೆ, ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ ಎಲ್ಲಕ್ಕೂ. ಈ ದೂರನ್ನೂ ನಮ್ಮ ಕಂಪ್ಯೂಟರಿನಲ್ಲಿ ಹಾಕಿದರೆ ಅಥಣಿಯವರು 140 ಕಿಲೋಮೀಟರ್ ಹೋಗುವುದೇ ಬೇಡ. ತಾಲೂಕಿಗೂ ಹೋಗುವುದು ಬೇಡ.

ಆದರೆ ನಾನು ಕಂಡ ಒಂದು ಸಂಗತಿ ಹೇಳಬೇಕು. ಜನ ದೂರು ಕೊಡುವುದಿಲ್ಲ. ಯಾಕೆ ಗೊತ್ತಾ? ನಾಳೆ ಮಗುವಿಗೆ ಜ್ವರ ಬಂದರೆ ಮತ್ತೆ ಅದೇ ಡಾಕ್ಟರ್ ಹತ್ತಿರ ಹೋಗಬೇಕು. ನಮ್ಮ ಊರಲ್ಲಿ ರಾತ್ರಿ ಬಾಗಿಲು ತೆಗೆಯುವವರು ಒಬ್ಬರೇ. ಹೋದ ತಿಂಗಳು ಒಬ್ಬ ಹೆಣ್ಣುಮಗಳು ಬಿಲ್ ಹಿಡಿದುಕೊಂಡು ಬಂದಳು. ದೂರು ಬರೆಯಲು ಕೂತೆವು. ಅರ್ಧ ಬರೆದ ಮೇಲೆ "ಬ್ಯಾಡ್ರೀ ಅಣ್ಣಾರ, ನಮಗ ಅವರ ದೇವರು" ಅಂತ ಎದ್ದು ಹೋದಳು. ಅವಳಿಗೆ ಬೇಕಾಗಿದ್ದು ಶಿಕ್ಷೆ ಅಲ್ಲ. "ಇತರೆ ವೆಚ್ಚ 11,400" ಅಂತ ಒಂದು ಸಾಲು ಇತ್ತು. ಅದು ಏನು ಅಂತ ತಿಳಿಯಬೇಕಿತ್ತು, ಅಷ್ಟೇ.

ಸಿಂದಗಿ ಡಾಕ್ಟರ್

ಇದು ನಿಜ. ನನ್ನ ಅನುಭವದಲ್ಲೂ ಜಗಳದ ಹೆಚ್ಚು ಪಾಲು ಬಿಲ್ಲಿನ ಆ ಒಂದು ಸಾಲಿನಿಂದ ಹುಟ್ಟುತ್ತದೆ. ಬಿಡಿಸಿ ಹೇಳುವುದಕ್ಕೆ ನಮಗೆ ಪುರುಸೊತ್ತಿಲ್ಲ, ಕೇಳುವುದಕ್ಕೆ ಅವರಿಗೆ ಧೈರ್ಯವಿಲ್ಲ. ಆಮೇಲೆ ಯಾರೋ ಊರಿನ ನಾಲ್ಕು ಹುಡುಗರು ಬಂದು ಗಾಜು ಒಡೆಯುತ್ತಾರೆ. ದವಾಖಾನೆ, ಡಾಕ್ಟರ್ ಮೇಲಿನ ಹಲ್ಲೆ ತಡೆಯಲು ಬೇರೆಯೇ ಒಂದು ಕಾಯ್ದೆ ಇದೆ, 2009ರದ್ದು. ಪೊಲೀಸು, ಕೇಸು, ಎರಡೂ ಮನೆ ಹಾಳು.

ದೂರಿಗಿಂತ ಮೊದಲು "ಬಿಲ್ ಬಿಡಿಸಿ ಹೇಳಿ" ಅನ್ನುವ ಒಂದು ಹಂತ ಇರಲಿ. ದೂರು ಅನ್ನುವ ಹೆಸರೇ ಬೇಡ. ಗ್ರಾಮ ಒನ್‌ನಲ್ಲಿ ಬಿಲ್ಲಿನ ಫೋಟೊ ಹಾಕಿದರೆ 7 ದಿನದಲ್ಲಿ ದವಾಖಾನೆ ಒಂದೊಂದು ಸಾಲಿಗೂ ಕನ್ನಡದಲ್ಲಿ ವಿವರ ಕೊಡಬೇಕು. ಕೊಡದಿದ್ದರೆ ಅದೇ ದೂರಾಗಿ ಮುಂದೆ ಹೋಗಲಿ. ನಾನು ಇದಕ್ಕೆ ಒಪ್ಪುತ್ತೇನೆ. ನನ್ನ ಜೊತೆಯ ಡಾಕ್ಟರ್‌ಗಳನ್ನೂ ಒಪ್ಪಿಸಲು ನೋಡುತ್ತೇನೆ.

ನಮ್ಮ ಕಡೆಯಿಂದಲೂ ಒಂದು ಬೇಡಿಕೆ ಇದೆ. ಆರು ಮಂಚದವನಿಗೂ ನೂರಾರು ಮಂಚದವರಿಗೂ ಕಾಗದದ ಹೊರೆ ಹತ್ತಿರ ಹತ್ತಿರ ಒಂದೇ. ಕೆಪಿಎಂಇ ನೋಂದಣಿ ಒಂದು ಕಡೆ, ಆಸ್ಪತ್ರೆ ಕಸಕ್ಕೆ ಮಾಲಿನ್ಯ ಮಂಡಳಿ ಇನ್ನೊಂದು ಕಡೆ. ನೋಂದಣಿ 5 ವರ್ಷಕ್ಕೆ ಸಿಗುತ್ತದೆ, ಉಳಿದ ಕಾಗದಗಳ ಅವಧಿ ಬೇರೆ ಬೇರೆ. ಎಲ್ಲದರ ಅವಧಿ ಒಂದೇ ದಿನ ಮುಗಿಯುವಂತೆ ಮಾಡಿದರೆ ನನಗೆ ವರ್ಷಕ್ಕೆ ಎಷ್ಟೋ ದಿನ ಉಳಿಯುತ್ತದೆ. ಆ ದಿನ ನಾನು ಪೇಶಂಟ್ ನೋಡುತ್ತೇನೆ.

ಅಥಣಿ ರೈತ

ಎಲ್ಲ ಓದಿದೆ. ನಿನ್ನೆ ರಾತ್ರಿ ಮಾವನಿಗೂ ಓದಿ ಹೇಳಿದೆ. ಬಾಟಲಿಗೆ ಬಾಟಲಿ ಕೇಳಿ ಅವರು ಎದ್ದು ಕೂತರು.

ಕರಡು ಬದಲಾಯಿಸಿದ್ದೇನೆ. "ಕಾಯ್ದೆ ತಿದ್ದಿ" ಅನ್ನುವುದನ್ನು ತೆಗೆದು "2009ರ ನಿಯಮ ತಿದ್ದಿ" ಅಂತ ಬರೆದೆ. ಮೊದಲ ಪುಟದಲ್ಲಿ ಮುಧೋಳದ ತಮ್ಮನ ಮಾತು: ಶವ ಮತ್ತು ತುರ್ತು ಕೇಸಿಗೆ ತಾಲೂಕಿನಲ್ಲಿ ರಾತ್ರಿ ಎತ್ತುವ ನಂಬರ್. ಆಮೇಲೆ ಬಾಟಲಿ, ಡ್ಯೂಟಿ ಸಿಸ್ಟರ್ ಹತ್ತಿರ ದಾಸ್ತಾನು, ಕೌಂಟರಿನ ಒಳಗಿನ ಹಾಳೆ. ಗ್ರಾಮ ಒನ್, ಸಕಾಲ ನಂಬರ್, 7 ದಿನದ ಬಿಲ್ ವಿವರ. ಡಾಕ್ಟರ್ ಸಾಹೇಬರ ಕಾಗದದ ಬೇಡಿಕೆಯನ್ನೂ ಸೇರಿಸಿದ್ದೇನೆ. ಅದು ನಮ್ಮ ಬೇಡಿಕೆಯೂ ಹೌದು, ಸಣ್ಣ ದವಾಖಾನೆ ಮುಚ್ಚಿದರೆ ನಾವೇ ಹೋಗುವ ಜಾಗ ಹೋಗುತ್ತದೆ.

ಜೈಲು ಶಿಕ್ಷೆಯ ಮಾತು ಸೇರಿಸಿಲ್ಲ. ತಮ್ಮಾ, ಇದಕ್ಕೆ ನಿನ್ನ ಒಪ್ಪಿಗೆ ಬೇಕು. ನಿನಗೆ ಬೇಡ ಅನ್ನಿಸಿದರೆ ನಿನ್ನ ಹೆಸರಿಲ್ಲದೆ ಕಳಿಸುತ್ತೇನೆ.

ಮುಧೋಳದವ

ರಾತ್ರಿ ನಂಬರ್ ಮೊದಲ ಪುಟದಲ್ಲೇ ಇರಲಿ ಅಣ್ಣಾ. ಅದನ್ನು ಹಿಂದೆ ಹಾಕಬೇಡಿ. ಜೈಲಿನ ಮಾತು ನಾನು ಬಿಟ್ಟಿಲ್ಲ, ಬೇರೆ ಮನವಿ ಬರೆಯುತ್ತೇನೆ. ಇದಕ್ಕೆ ನನ್ನ ಸಹಿ ಇದೆ, ಅವ್ವನ ಹೆಬ್ಬೆಟ್ಟೂ ಇದೆ.

ವಿಜಯಪುರ ವಕೀಲೆ

ಕರಡನ್ನು ಶನಿವಾರದೊಳಗೆ ಕಳಿಸಿ, ಭಾಷೆ ನೋಡಿಕೊಡುತ್ತೇನೆ. ಮೂರೂ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ ಬೇರೆ ಬೇರೆ ಪ್ರತಿ ಬೇಕು. ಕೊಡುವಾಗ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳುವುದು ಮರೆಯಬೇಡಿ.

ಇಂಡಿ ಸೇವಾ ಕೇಂದ್ರ

ಇಂಡಿ ಕಡೆ ಪ್ರಿಂಟ್ ನಾನು ತೆಗೆಯುತ್ತೇನೆ, ದುಡ್ಡು ಬೇಡ. ಆ ಹೆಣ್ಣುಮಗಳನ್ನೂ ಕೇಳಿ ನೋಡುತ್ತೇನೆ.